ಊರು ಬಿಟ್ಟರೂ ಊರು ಬಿಡದು

ಯುಗಾದಿಗೆ ಇನ್ನು ನಾಲ್ಕೇ ದಿನ. ನೀವು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು, ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದೀರಿ. ಆಗ ಬೆಂಗಳೂರಿನಿಂದ ಮೈದುನನ ಫೋನು ಬರುತ್ತದೆ.

"ಅತ್ತಿಗೆ, ಶನಿವಾರ ರಾತ್ರಿ ಬಸ್ಸಿಗೆ ಹೊರಡ್ತೀವಿ. ಎಲ್ಲಾರೂ ಊರಿಗೇ ಹೋಗೋಣ. ಆದ್ರೆ ರೊಟ್ಟಿ ಮಾತ್ರ ಸೌದೆ ಒಲೇಲೇ ಆಗ್ಬೇಕು ನೋಡಿ, ಗ್ಯಾಸಿಂದು ಬೇಡ!"

ನಿಮಗೆ ನಗು ಬರುತ್ತದೆ. ಊರಿನಲ್ಲಿ ಅತ್ತೆಯವರೂ ಗ್ಯಾಸಿನ ಮೇಲೆ ಅಡಿಗೆ ಮಾಡಲು ತೊಡಗಿ ಎಷ್ಟೋ ವರ್ಷವಾಯಿತು. ಸೌದೆ ಒಲೆಯ ಮೇಲೆ ಈಗ ಈರುಳ್ಳಿ ಬುಟ್ಟಿ ಕೂತಿದೆ. ಆದರೂ ಮೈದುನ ಆಸೆಪಟ್ಟು ಕೇಳಿದ್ದಾರಲ್ಲ! ಬುಟ್ಟಿ ಎತ್ತಿಟ್ಟು, ಒಲೆ ಸಾರಿಸಿ, ಹಸಿ ಸೌದೆಯನ್ನು ಊದಿ ಊದಿ ಹೊತ್ತಿಸುತ್ತೀರಿ. ಹೊಗೆಯಲ್ಲಿ ಕಣ್ಣೀರು ಸುರಿಯುವುದು ನಿಮ್ಮ ಕಣ್ಣಲ್ಲಿ. "ಆಹಾ, ನಮ್ಮೂರ ಹೊಗೆ ವಾಸನೆ!" ಎಂದು ಜಗಲಿಯ ಮೇಲೆ ಕೂತು ಮೂಗು ಅರಳಿಸುವವರು ಅವರು.

ಇದು ಯಾವುದೋ ಒಂದು ಮನೆಯ ಮಾತಲ್ಲ. ನಮ್ಮಂಥ ತಾಲ್ಲೂಕು ಪಟ್ಟಣದ ಗೃಹಿಣಿಯರದು ಹೊಸ್ತಿಲ ಮೇಲಿನ ಬಾಳು. ಒಂದು ಕಡೆ ಹಳ್ಳಿ, ಇನ್ನೊಂದು ಕಡೆ ದೊಡ್ಡ ನಗರ. ಹಳ್ಳಿಯಿಂದ ಹೋಗುವ ಮೂಟೆಯೂ ನಮ್ಮ ಮನೆಯಲ್ಲಿ ಇಳಿದು ಹೋಗುತ್ತದೆ, ನಗರದಿಂದ ಬರುವವರ ನಿಟ್ಟುಸಿರೂ ನಮ್ಮ ಮನೆಯಲ್ಲಿ ಇಳಿದು ಹೋಗುತ್ತದೆ. ಊರು ಬಿಟ್ಟು ಹೋದವರಿಗೆ ತಮ್ಮ ಊರಿನ ಮೇಲೆ ಏನನ್ನಿಸುತ್ತದೆ? ಆಸೆಯೇ, ಬೇಸರವೇ, ನಾಚಿಕೆಯೇ? ಇದನ್ನು ನಾವು ಸ್ವಲ್ಪ ಕೂತು ಯೋಚಿಸಬೇಕಾಗಿದೆ. ಏಕೆಂದರೆ ಅವರ ಈ ಹಂಬಲದ ಹೊರೆ ಹೊರುವವರಲ್ಲಿ ನಾವೂ ಒಬ್ಬರು.

ನನ್ನ ಬೀರುವಿನಲ್ಲೂ ಸುಮಾರು ದಿನ ಒಂದು ಕಾಗದ ಮಡಿಸಿಟ್ಟಿದ್ದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಹೋದವರು ಯಾರು?

1971ರ ಜನಗಣತಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 24 ಮಂದಿ ಪಟ್ಟಣವಾಸಿಗಳು. 2011ರಲ್ಲಿ ಅದು 38ನ್ನು ದಾಟಿತು. ಬೆಂಗಳೂರಂತೂ ಇದೇ ನಲವತ್ತು ವರ್ಷದಲ್ಲಿ ಸುಮಾರು 16 ಲಕ್ಷದಿಂದ 84 ಲಕ್ಷಕ್ಕೆ ಬೆಳೆಯಿತು. ಇವರಲ್ಲಿ ಅಲ್ಲೇ ಹುಟ್ಟಿದವರೆಷ್ಟೋ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದವರೆಷ್ಟೋ!

ಎಲ್ಲರೂ ಒಂದೇ ಬಗೆಯಲ್ಲಿ ಹೋದವರಲ್ಲ. ತುಮಕೂರು, ಹಾಸನ, ಮಂಡ್ಯ ಕಡೆಯ ಹುಡುಗರು ಪೀಣ್ಯದ ಕಾರ್ಖಾನೆಗಳಿಗೆ, ಹುಡುಗಿಯರು ಸಿದ್ಧ ಉಡುಪಿನ ಗಾರ್ಮೆಂಟ್ಸುಗಳಿಗೆ ಹೋದರು. ಕರಾವಳಿಯವರು ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಆಗುವ ತನಕ ಅವರಿಗೆ ಊರಿಗೆ ಬರುವುದೆಂದರೆ ಘಟ್ಟದ ದಾರಿಯ ಬಸ್ಸಿನಲ್ಲಿ ಮೈ ನುಗ್ಗಾಗುವ ಕೆಲಸ. ಇನ್ನು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರದು 'ಗುಳೆ'. ಮಳೆ ಕೈಕೊಟ್ಟಾಗ, ಸುಗ್ಗಿ ಮುಗಿದು ಕೈ ಖಾಲಿಯಾದಾಗ ಗಂಡ ಹೆಂಡತಿ ಮಕ್ಕಳೆಲ್ಲ ಕಟ್ಟಡದ ಕೆಲಸಕ್ಕೆ ಹೊರಡುವುದು. ಮುದುಕರು, ಸಣ್ಣ ಮಕ್ಕಳು ಊರಲ್ಲಿ. ಮುಂಗಾರಿನ ಹೊತ್ತಿಗೆ ಮತ್ತೆ ಊರು. ಇವರು ಊರು ಬಿಟ್ಟವರೂ ಅಲ್ಲ, ಊರಲ್ಲಿ ಇದ್ದವರೂ ಅಲ್ಲ.

ನಗರದಲ್ಲಿ ಎಷ್ಟು ವರ್ಷ ಕಳೆದರೂ "ನಿಮ್ಮೂರು ಯಾವುದು?" ಎಂದು ಕೇಳಿದರೆ ಇವರು ಹೇಳುವುದು ಹುಟ್ಟಿದ ಹಳ್ಳಿಯ ಹೆಸರನ್ನೇ. ಬೆಂಗಳೂರಿನಲ್ಲಿ ಸೈಟು ಕೊಂಡು ಎರಡಂತಸ್ತು ಕಟ್ಟಿದವರು ಕೂಡ ಅದನ್ನು "ಮನೆ" ಎನ್ನುತ್ತಾರೆ, "ಊರು" ಎನ್ನುವುದಿಲ್ಲ. ಗಮನಿಸಿದ್ದೀರಾ? ಪಡಿತರವನ್ನು ಈಗ ಇದ್ದಲ್ಲೇ ಪಡೆಯುವ ಅನುಕೂಲ ಬಂದಿದ್ದರೂ ಊರಿನ ಕಾರ್ಡಿನಿಂದ ಹೆಸರು ತೆಗೆಸಲು ಎಷ್ಟೋ ಜನಕ್ಕೆ ಮನಸ್ಸು ಬರುವುದಿಲ್ಲ. ಅಕ್ಕಿಗೋಸ್ಕರ ಅಲ್ಲ, "ನಾನು ಈ ಊರಿನವ" ಎನ್ನುವುದಕ್ಕೆ ಅದೊಂದು ಗುರುತು ಅಂತ.

ಚೀಲದೊಳಗಿನ ಊರು

ಊರಿಂದ ಹೊರಡುವಾಗ ಕಟ್ಟಿಕೊಡುವ ಚೀಲವನ್ನು ನೋಡಿದರೆ ಸಾಕು, ಯಾರ ಊರು ಎಲ್ಲಿದೆಯೆಂದು ತಿಳಿಯುತ್ತದೆ. ನಮ್ಮ ಕಡೆಯವರ ಚೀಲದಲ್ಲಿ ರಾಗಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ನಾಲ್ಕು ತೆಂಗಿನಕಾಯಿ. ಕಾಲ ಬಂದರೆ ಸೊಗಡಿನ ಅವರೆಕಾಯಿ. ಬಯಲುಸೀಮೆಯ ಉತ್ತರದವರದಾದರೆ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಕರಾವಳಿಯವರದಾದರೆ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿ.

ಇವೆಲ್ಲ ನಗರದ ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತವೆ. ಆದರೆ ಆ ಚೀಲ ಬರೀ ಸಾಮಾನಲ್ಲ. ಅದು ಊರು ಇನ್ನೂ ನನ್ನನ್ನು ಮರೆತಿಲ್ಲ ಎಂಬ ರಸೀದಿ. ಒಂದು ಸಲ ನಮ್ಮ ಪಕ್ಕದ ಮನೆಯಾಕೆ, "ಹೊತ್ಕೊಂಡು ಹೋಗೋ ಕಷ್ಟ ಯಾಕೆ, ಅಲ್ಲೇ ತಗೊಳ್ಲಿ" ಎಂದು ಮಗನಿಗೆ ಹಿಟ್ಟು ಕಟ್ಟಿಕೊಡಲಿಲ್ಲ. ಹುಡುಗ ಏನೂ ಹೇಳದೆ ಹೋದ. ಮೂರು ತಿಂಗಳಾದ ಮೇಲೆ ಫೋನಿನಲ್ಲಿ ಬೇರೇನೋ ಮಾತಿಗೆ, "ನಿಂಗೆ ಒಂದ್ಸೇರು ಹಿಟ್ಟು ಭಾರ ಆಯ್ತಲ್ಲಮ್ಮ" ಎಂದುಬಿಟ್ಟ. ಆ ತಾಯಿ ಎಷ್ಟು ಅತ್ತರು ಗೊತ್ತೆ?

ಊರೆಂದರೆ ಎಲ್ಲರಿಗೂ ಸಿಹಿಯೇ?

ಇಲ್ಲಿ ಒಂದು ನಿಜವನ್ನು ಹೇಳಲೇಬೇಕು. ಹಳ್ಳಿಯೆಂದರೆ ಹಸಿರು, ಹಾಲು, ಹಬ್ಬ ಎಂದು ನಾವು ಹೇಳಿಕೊಂಡು ಬಂದಿದ್ದೇವೆ. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ನೋಡಿ ನಮ್ಮ ಮನೆಯ ಗಂಡಸರೆಲ್ಲ ಬೇಸಾಯಕ್ಕೆ ಹೊರಟುಬಿಡುವ ಮಾತಾಡಿದವರೇ! ಆದರೆ ಆ ಚಿತ್ರದ ಕೊನೆಯಲ್ಲಿ, ಊರಿಗಾಗಿ ಅಷ್ಟೆಲ್ಲ ದುಡಿದ ರಾಜೀವ ಮನನೊಂದು ಊರು ಬಿಟ್ಟೇ ಹೋಗುತ್ತಾನೆ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಂತಿಲ್ಲ.

ಊರಿನಲ್ಲಿ ನೊಂದು ಹೊರಟವರಿಗೆ ಊರಿನ ನೆನಪು ಬೇರೆಯೇ. ಬಾವಿಯ ಹತ್ತಿರ ಬರಬೇಡ ಎನ್ನಿಸಿಕೊಂಡವರು, ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಕಾಫಿ ಕುಡಿದವರು ಆ ಊರಿಗಾಗಿ ಯಾಕೆ ಹಂಬಲಿಸಬೇಕು? 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಹಾಡಿ ಹೊಗಳುವವರನ್ನು ಕಟುವಾಗಿ ಟೀಕಿಸಿದ್ದು ಸುಮ್ಮನೆ ಅಲ್ಲ. ಅಂಥವರ ಪಾಲಿಗೆ ನಗರವೆಂದರೆ ಯಾರೂ ಜಾತಿ ಕೇಳದೆ ಪಕ್ಕದಲ್ಲಿ ಕೂರುವ ಬಸ್ಸು.

ಹೆಂಗಸರಲ್ಲೂ ಇಂಥವರಿದ್ದಾರೆ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬಾಕೆ ಜಾತ್ರೆಗೆಂದು ಬಂದವರು ನನ್ನೊಡನೆ ಬಸ್ಸಿನಲ್ಲಿ ಕೂತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. "ಊರಲ್ಲಿ ನಾನು ನೀರಿಗೆ ಹೋದ್ರೂ ಯಾಕ್ ಹೋದ್ಲು ಅಂತಾರೆ ಅಕ್ಕಾ. ಅಲ್ಲಿ ಕೇಳೋರಿಲ್ಲ. ಅದೇ ಸುಖ. ಆದ್ರೂ ಮಾರಮ್ಮನ ಹಬ್ಬಕ್ಕೆ ಬರ್ದೇ ಇರಕ್ಕಾಗಲ್ಲ ನೋಡಿ" ಎಂದರು. ಹೊಸ ಸೀರೆ ಉಟ್ಟಿದ್ದರು. ಊರಿನವರ ಮುಂದೆ ಚೆನ್ನಾಗಿ ಕಾಣಬೇಕೆಂದು ಸಾಲ ಮಾಡಿ ತಂದದ್ದಂತೆ! ಬೇಡವೆಂದು ಬಿಟ್ಟ ಊರೇ ತನ್ನನ್ನು ಮೆಚ್ಚಬೇಕು ಎಂಬ ಆಸೆ. ಈ ಎರಡು ಮನಸ್ಸನ್ನು ಅರ್ಥ ಮಾಡಿಕೊಳ್ಳದೆ ಊರು ಬಿಟ್ಟವರನ್ನು ಅರ್ಥ ಮಾಡಿಕೊಳ್ಳಲಾಗದು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಕುವೆಂಪು ಅವರು ಬಾಳಿದ್ದು ಮೈಸೂರಿನಲ್ಲಿ. ಬರೆದ ಕಾದಂಬರಿಗಳು ಎರಡೂ ಮಲೆನಾಡಿನವು. 1994ರಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರ ಆದದ್ದು ತಮ್ಮ ಊರಾದ ಕುಪ್ಪಳಿಯಲ್ಲಿ. ಯಶವಂತ ಚಿತ್ತಾಲರು ಮುಂಬಯಿಯಲ್ಲೇ ಜೀವನ ಕಳೆದರೂ ಅವರ ಕಥೆಗಳಲ್ಲಿ ಉತ್ತರ ಕನ್ನಡದ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ.

ಊರಿನ ಬಾಗಿಲು ತಟ್ಟಿದ ಆ ವರ್ಷ

2020ರ ಮಾರ್ಚ್ ಕೊನೆಯನ್ನು ನೀವು ಮರೆತಿರಲಾರಿರಿ. ಕೊರೊನಾ ಬಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೆಲಸ ನಿಂತಿತು, ಕೂಲಿ ನಿಂತಿತು. ಆಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು: "ಊರಿಗೆ ಹೋಗ್ಬೇಕು." ಮೇ ಮೊದಲ ವಾರ ಸರ್ಕಾರ ಬೆಂಗಳೂರಿನಿಂದ ಉಚಿತ ಬಸ್ಸು ಬಿಟ್ಟಾಗ ಮೆಜೆಸ್ಟಿಕ್ಕಿನಲ್ಲಿ ಮಕ್ಕಳನ್ನು ಎತ್ತಿಕೊಂಡು, ಮೂಟೆ ಹೊತ್ತುಕೊಂಡು ನಿಂತ ಜನರನ್ನು ಟಿ.ವಿ.ಯಲ್ಲಿ ನೋಡಿ ನಾವು ಕಣ್ಣೊರೆಸಿಕೊಂಡೆವು.

ಆದರೆ ಅವರು ಊರಿಗೆ ಬಂದಾಗ ಏನಾಯಿತು? ಎಷ್ಟೋ ಹಳ್ಳಿಗಳಲ್ಲಿ ದಾರಿಗೆ ಮುಳ್ಳು ಕಡಿದು ಹಾಕಿದ್ದರು. ಭಯ ಇತ್ತು, ತಪ್ಪೆನ್ನಲಾರೆ. ಆದರೂ ಹುಟ್ಟಿದೂರಿನ ಶಾಲೆಯ ವರಾಂಡದಲ್ಲಿ ಹದಿನಾಲ್ಕು ದಿನ ಪರಕೀಯರಂತೆ ಕಳೆದವರಿಗೆ ಏನನ್ನಿಸಿರಬೇಕು! ಊರು ನಮಗಾಗಿ ಕಾಯುತ್ತಿದೆ ಎಂದು ನಂಬಿದ್ದವರಿಗೆ, ಊರಿಗೂ ತನ್ನದೇ ಭಯ, ತನ್ನದೇ ಬಡತನ ಇದೆ ಎಂದು ಅಂದು ಗೊತ್ತಾಯಿತು. ಕೆಲವರು ಆ ವರ್ಷ ಹೊಲ ಉತ್ತು ಅಲ್ಲೇ ನಿಂತರು. ಬಹಳ ಜನ ನಾಲ್ಕಾರು ತಿಂಗಳಲ್ಲಿ ಮತ್ತೆ ಬಸ್ಸು ಹತ್ತಿದರು. ಮನಸ್ಸು ಊರಲ್ಲಿದ್ದರೂ ಅನ್ನ ಇದ್ದದ್ದು ನಗರದಲ್ಲಿ.

ನಮ್ಮದೂ ವಲಸೆಯೇ ಅಲ್ಲವೆ?

ಈಗ ಒಂದು ಮಾತು ಕೇಳುತ್ತೇನೆ, ನೀವೇ ಹೇಳಿ. ನೀವು ಹುಟ್ಟಿದ ಊರಿನಲ್ಲೇ ಇದ್ದೀರಾ?

2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದು ನೆಲೆಸಿದವರು ಸುಮಾರು 45 ಕೋಟಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೂಲಿಯೂ ಅಲ್ಲ, ನೌಕರಿಯೂ ಅಲ್ಲ, ಮದುವೆ! ಗಂಡಸು ಊರು ಬಿಟ್ಟರೆ ಅದಕ್ಕೆ ವಲಸೆ ಎನ್ನುತ್ತಾರೆ, ಕಾದಂಬರಿ ಬರೆಯುತ್ತಾರೆ, ಸಿನಿಮಾ ತೆಗೆಯುತ್ತಾರೆ. ಹೆಣ್ಣು ಊರು ಬಿಟ್ಟರೆ ಅಕ್ಷತೆ ಹಾಕಿ ಕಳಿಸುತ್ತಾರೆ.

ಆದ್ದರಿಂದ ಮೈದುನನ ಸೌದೆ ಒಲೆಯ ಹುಚ್ಚನ್ನು ನೋಡಿ ನಕ್ಕುಬಿಡುವ ಮುಂಚೆ ನಮ್ಮ ತವರನ್ನು ನೆನೆಸಿಕೊಳ್ಳೋಣ. ಗೌರಿ ಹಬ್ಬದ ಬಾಗಿನ ಒಂದು ದಿನ ತಡವಾದರೆ ನಾವು ಎಷ್ಟು ಸಲ ಬಾಗಿಲು ನೋಡುತ್ತೇವೆ! ತವರಿನ ಹಿತ್ತಲ ಕರಿಬೇವಿನ ಗಿಡ ಕಡಿದರೆಂದು ಕೇಳಿ ಒಂದು ಹೊತ್ತು ಊಟ ಬಿಟ್ಟವರು ನಮ್ಮಲ್ಲಿಲ್ಲವೆ? 2023ರ ಜೂನ್ 11ರಿಂದ ನಮ್ಮ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವೆಂದಾಗ ಎಷ್ಟೋ ಜನ ಮೊದಲು ಹೊರಟದ್ದು ಎರಡೇ ಕಡೆಗೆ. ಒಂದು ದೇವಸ್ಥಾನ, ಇನ್ನೊಂದು ತವರು. ಊರು ಬಿಟ್ಟವರ ಸಂಕಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀರುವಿನ ಕಾಗದ

ನನ್ನ ತವರು ತಿಪಟೂರು ಕಡೆಯ ಒಂದು ಹಳ್ಳಿ. ನಾಡಹೆಂಚಿನ ಮನೆ, ಹಿತ್ತಲಲ್ಲಿ ಏಳೆಂಟು ತೆಂಗಿನಮರ. ನಮ್ಮಣ್ಣ ಬೆಂಗಳೂರಿಗೆ ಹೋಗಿ ಕಾರ್ಖಾನೆ ಸೇರಿದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಂದಿನಿಂದ ಅಣ್ಣನದು ಒಂದೇ ಪಲ್ಲವಿ: "ರಿಟೈರ್ ಆದ್ಮೇಲೆ ಊರೇ." ಅಮ್ಮ ಆ ಮಾತನ್ನು ನಂಬಿಕೊಂಡು ವರ್ಷಕ್ಕೊಂದು ಸಲ ಹೆಂಚು ಕೈಯಾಡಿಸಿ ಮನೆ ಕಾಯ್ದರು.

ಅಣ್ಣ ರಿಟೈರಾದರು. ಹಾಸಿಗೆ, ಪಾತ್ರೆ ಸಮೇತ ಬಂದರು. ಇದ್ದದ್ದು ಹದಿನೈದೇ ದಿನ. ಜೊತೆಗೆ ಈಜಿದ ಸ್ನೇಹಿತರು ಒಬ್ಬರೂ ಊರಲ್ಲಿಲ್ಲ. ಕೆರೆಯಲ್ಲಿ ನೀರಿಲ್ಲ. ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಡಾಕ್ಟರು ಬೇಕು. ಅತ್ತಿಗೆಗೆ ಬೆಂಗಳೂರಿನಲ್ಲಿರುವ ಮೊಮ್ಮಗುವಿನ ಚಿಂತೆ. ಹದಿನಾರನೆಯ ದಿನ "ಒಂದು ವಾರ ಹೋಗಿ ಬರ್ತೀವಮ್ಮ" ಎಂದು ಹೋದವರು, ಆಮೇಲೆ ಹಬ್ಬಕ್ಕೆ ಬರುವುದನ್ನೂ ಕಡಿಮೆ ಮಾಡಿದರು. ನನಗೆ ಕೋಪ ಬಂದಿತ್ತು. ಅಮ್ಮ ಮಾತ್ರ ಕೊನೆಯ ತನಕ ಹೆಂಚು ಕೈಯಾಡಿಸುತ್ತಲೇ ಇದ್ದರು.

ಅಮ್ಮ ಹೋದ ವರ್ಷ ಕಳೆದ ಮೇಲೆ ಅಣ್ಣನಿಂದ ಕಾಗದ ಬಂತು. ಮನೆ ಮಾರಲು ನನ್ನ ಸಹಿ ಬೇಕು. ಓದಿದೆ, ಮಡಿಸಿ ಬೀರುವಿನಲ್ಲಿಟ್ಟೆ. ಹಾಕಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಕೊನೆಗೆ ನಮ್ಮ ಯಜಮಾನರೇ, "ಸುಮ್ಮನೆ ಕೂತರೆ ಹೇಗೆ? ಒಂದು ದಿನ ಇಬ್ಬರೂ ಆ ಮನೆಗೇ ಹೋಗಿ ಮಾತಾಡಿ" ಎಂದರು.

ಹೋದೆವು. ಹಿಂದಿನ ಕೋಣೆಯ ಸೂರು ಕುಸಿದಿತ್ತು. ನಾನು ಅನ್ನ ಸಾರು ಮಾಡಿದೆ. ರಾತ್ರಿ ಜಗಲಿಯ ಮೇಲೆ ಕೂತಾಗ ಅಣ್ಣ ತಾವಾಗಿ ಮಾತು ತೆಗೆದರು.

"ನೋಡಮ್ಮ, ದುಡ್ಡಿಗೋಸ್ಕರ ಅಲ್ಲ. ಬರ್ತೀನಿ ಬರ್ತೀನಿ ಅಂತ ಮೂವತ್ತೈದು ವರ್ಷ ಅಮ್ಮಂಗೆ ಹೇಳ್ದೆ. ಬಂದು ಇರಕ್ಕಾಗ್ಲಿಲ್ಲ. ಈ ಮನೆ ನೋಡ್ದಾಗೆಲ್ಲ ನಾನು ಸುಳ್ಳ ಅನ್ಸುತ್ತೆ. ಇದು ಇರದೇ ಇದ್ರೆ ಒಳ್ಳೇದು ಅನ್ಸುತ್ತೆ."

ಅಣ್ಣ ಊರನ್ನು ಮರೆತರೆಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ! ಅವರು ಬರದೆ ಇದ್ದದ್ದು ಮರೆವಿನಿಂದಲ್ಲ, ನಾಚಿಕೆಯಿಂದ. ನಾನು ಹೇಳಿದೆ: "ಅಣ್ಣಾ, ನಾನೂ ಆಗಾಗ್ಗೆ ಬಂದು ಅಮ್ಮನ ನೋಡ್ಕೋತೀನಿ ಅಂತ ಹೇಳಿದ್ದೆ. ಬಸ್ಸಲ್ಲಿ ಒಂದೂವರೆ ಗಂಟೆ ದಾರಿ. ನಾನೂ ಬರ್ಲಿಲ್ಲ." ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಮನೆ ಮಾರಲಿಲ್ಲ. ಬಿದ್ದ ಕೋಣೆ ತೆಗೆಸಿ, ಮುಂದಿನ ಎರಡು ಕೋಣೆ ಮಾತ್ರ ರಿಪೇರಿ ಮಾಡಿಸಿದೆವು. ಖರ್ಚು ಅರ್ಧ ಅವರದು, ಅರ್ಧ ನನ್ನದು. ಬೀಗದ ಕೈ ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ. ತೆಂಗಿನಕಾಯಿ ಅವರಿಗೇ. ಇನ್ನು ಮೇಲೆ "ಬರ್ತೀನಿ" ಎನ್ನುವಂತಿಲ್ಲ, ತಾರೀಖು ಹೇಳಬೇಕು ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ವರ್ಷಕ್ಕೆ ಎರಡು ಸಲ, ಗೌರಿ ಹಬ್ಬಕ್ಕೆ ಮತ್ತು ಅಮ್ಮನ ತಿಥಿಗೆ. ಎಲ್ಲ ಮನೆಯಲ್ಲೂ ಹೀಗೇ ಆಗಬೇಕೆಂದು ನಾನು ಹೇಳುವುದಿಲ್ಲ. ಮಾರುವುದೇ ಸರಿಯಾದ ಮನೆಗಳೂ ಇರುತ್ತವೆ. ಆದರೆ ಮಾತಾಡದೆ ಮಾರಬಾರದು.

ನಾವು ಏನು ಮಾಡಬಹುದು?

ನನಗೆ ತಿಳಿದಷ್ಟು ಹೇಳುತ್ತೇನೆ. ನಿಮ್ಮ ಮನೆಗೆ ಹೊಂದುವುದನ್ನು ಆರಿಸಿಕೊಳ್ಳಿ.

1. ಊರಿಗೆ ಬಂದವರನ್ನು "ಈಗ ನೆನಪಾಯ್ತಾ?" ಎಂದು ಚುಚ್ಚಬೇಡಿ. ನಾಚಿಕೆ ಹೆಚ್ಚಿದರೆ ಬರುವುದು ಇನ್ನೂ ಕಡಿಮೆಯಾಗುತ್ತದೆ.

2. ಹಾಗೆಂದು ಎಲ್ಲ ಕೆಲಸವನ್ನೂ ನೀವೇ ಮೈಮೇಲೆ ಹಾಕಿಕೊಳ್ಳಬೇಡಿ. ಸೌದೆ ಒಲೆಯ ರೊಟ್ಟಿ ಬೇಕೆ? ಆಗಲಿ, ಮೈದುನರೇ ಸೌದೆ ಒಡೆಯಲಿ, ಒಲೆ ಊದಲಿ. ರೊಟ್ಟಿ ಇನ್ನೂ ರುಚಿಯಾಗುತ್ತದೆ!

3. ಅತ್ತೆ ಮಾವಂದಿರ ಔಷಧಿ, ಡಾಕ್ಟರು, ಕರೆಂಟು ಬಿಲ್ಲು ಇವುಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಬ್ಬದ ಮಾರನೆಯ ದಿನ ಎಲ್ಲರೂ ಕೂತಾಗ ತೋರಿಸಿ. ಹತ್ತಿರ ಇರುವವರೇ ಎಲ್ಲ ಹೊರಬೇಕೆಂಬ ನಿಯಮವಿಲ್ಲ. ದೂರ ಇರುವವರಿಗೆ ತಮ್ಮ ಪಾಲು ಕೊಡಲು ಒಂದು ದಾರಿ ಸಿಕ್ಕರೆ ಅವರ ಮನಸ್ಸೂ ಹಗುರಾಗುತ್ತದೆ.

4. ನಗರದಲ್ಲಿ ಹುಟ್ಟಿದ ಮಕ್ಕಳು "ಇಲ್ಲಿ ಬೋರು" ಎಂದರೆ ಬೈಯಬೇಡಿ. ಅದು ಅವರ ಅಪ್ಪನ ಊರು, ಅವರದಲ್ಲ. ಅಜ್ಜಿಯ ಹತ್ತಿರ ಹಪ್ಪಳ ಒತ್ತಲು, ಹಸುವಿಗೆ ಹುಲ್ಲು ಹಾಕಲು ಬಿಡಿ. ತಾವಾಗಿ ಒಂದು ಕೆಲಸ ಮಾಡಿದ ಜಾಗ ಅವರಿಗೂ ನೆನಪಿನಲ್ಲಿ ಉಳಿಯುತ್ತದೆ.

5. ಮನೆ, ಜಮೀನಿನ ಕಾಗದಕ್ಕೆ ಯಾರೇ ಸಹಿ ಕೇಳಲಿ, ಓದಿ, ತಿಳಿದವರಿಂದ ಓದಿಸಿ, ಆಮೇಲೆ ಹಾಕಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಸ್ಪಷ್ಟಪಡಿಸಿತು. ಹಕ್ಕು ಬಿಟ್ಟುಕೊಡುವುದೂ ನಿಮ್ಮ ಇಷ್ಟ, ಇಟ್ಟುಕೊಳ್ಳುವುದೂ ನಿಮ್ಮ ಇಷ್ಟ. ಆದರೆ ಅದು ನಿಮ್ಮ ಇಷ್ಟವಾಗಿರಲಿ.

6. ಇನ್ನು ಕೊನೆಯದು. ಹೊರಡುವಾಗ ಒಂದು ಸೇರು ಹಿಟ್ಟಾದರೂ ಕಟ್ಟಿಕೊಡಿ.

ಊರು ಬಿಟ್ಟವರ ಮನಸ್ಸಿನಲ್ಲಿರುವುದು ಅವರು ಬಿಟ್ಟ ದಿನದ ಊರು. ಆ ಕೆರೆ ತುಂಬಿದೆ, ಆ ಸ್ನೇಹಿತರೆಲ್ಲ ಇದ್ದಾರೆ, ಅಮ್ಮನ ತಲೆಯಲ್ಲಿ ಒಂದೂ ಬಿಳಿಕೂದಲಿಲ್ಲ. ಆ ಊರನ್ನು ಅವರಿಗೆ ಯಾರೂ ವಾಪಸು ಕೊಡಲಾರರು. ಆದರೆ ಈಗ ಇರುವ ಊರಿನ ಬಾಗಿಲು ತೆಗೆದು "ಬನ್ನಿ, ಕಾಲು ತೊಳೀರಿ" ಎನ್ನಬಹುದಲ್ಲ! ನಮಗೂ ತವರಿನಲ್ಲಿ ಬೇಕಾದದ್ದು ಅಷ್ಟೇ ಅಲ್ಲವೆ?

ಈ ಸಲ ನಿಮ್ಮ ಮೈದುನನ ಫೋನು ಬಂದಾಗ ಬರುವ ದಿನದ ಜೊತೆಗೆ ಮುಂದಿನ ಸಲ ಬರುವ ತಾರೀಖನ್ನೂ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹಾಗೆಯೇ ನೀವು ತವರಿಗೆ ಹೋಗುವ ದಿನವನ್ನೂ ಅದರ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.